ಹಿತ್ತಲಿಗೆ ಯಾವ ಬ್ಲ್ಯಾಕ್‌ಬೆರಿ ಗಿಡ ತರಲಿ?

ಫೆಬ್ರವರಿ ಬಂತೆಂದರೆ ನನ್ನ ಫೋನಿಗೆ ಒಂದೇ ಬಗೆಯ ಫೋಟೋಗಳು ಬರುತ್ತವೆ. ಗಿಡದಂಗಡಿಯ ಸಾಲು, ನಾಲ್ಕು ಕುಂಡ, ನಾಲ್ಕು ಹೆಸರು. ಕೆಳಗೆ ಒಂದು ಪ್ರಶ್ನೆ: "ಅಕ್ಕಾ, ಇದರಲ್ಲಿ ಯಾವುದು ತಗೊಳ್ಳಲಿ?" ಕೇಳಿದವರು ಅಂಗಡಿಯಲ್ಲೇ ನಿಂತಿರುತ್ತಾರೆ. ಐದು ನಿಮಿಷದಲ್ಲಿ ಉತ್ತರ ಬೇಕು. ನಾನು ಉತ್ತರದ ಬದಲು ಪ್ರಶ್ನೆಗಳನ್ನೇ ಕಳಿಸುತ್ತೇನೆ. ನಿಮ್ಮೂರಲ್ಲಿ ಚಳಿ ಎಷ್ಟು? ಬಿಸಿಲು ಬೀಳುವ ಬೇಲಿ ಎಷ್ಟು ಉದ್ದ ಇದೆ? ಜೂನ್‌ನಲ್ಲಿ ಊರಿಗೆ ಹೋಗ್ತೀರಾ, ಇಲ್ಲೇ ಇರ್ತೀರಾ?

ಮೂರನೇ ಪ್ರಶ್ನೆಗೆ ಎಲ್ಲರಿಗೂ ಆಶ್ಚರ್ಯ. ಆದರೆ ಅಮೆರಿಕದಲ್ಲಿರುವ ನಮ್ಮಂಥ ಮನೆಗಳಿಗೆ ಅದು ತುಂಬ ಮುಖ್ಯ. ಶಾಲೆಗೆ ರಜೆ ಬಿಟ್ಟ ವಾರವೇ ವಿಮಾನ ಹತ್ತುತ್ತೇವೆ. ಆಗಸ್ಟಿನಲ್ಲಿ ತಿರುಗಿ ಬರುತ್ತೇವೆ. ಜೂನ್‌ನಲ್ಲಿ ಹಣ್ಣಾಗುವ ಗಿಡ ನೆಟ್ಟರೆ ಅದು ನಮಗಲ್ಲ, ಹಕ್ಕಿಗಳಿಗೆ.

ನಾನಿರುವುದು ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿ. ಹನ್ನೊಂದು ವರ್ಷದಿಂದ ಹಿತ್ತಲಲ್ಲಿ ಬ್ಲ್ಯಾಕ್‌ಬೆರಿ ಬೆಳೆಯುತ್ತಿದ್ದೇನೆ. ಇಲ್ಲಿಯವರೆಗೆ ಏಳು ತಳಿ ನೆಟ್ಟಿದ್ದೇನೆ. ಅದರಲ್ಲಿ ಮೂರನ್ನು ಕಿತ್ತು ಹಾಕಬೇಕಾಯಿತು. ಕಿತ್ತ ಮೂರೂ ಕೆಟ್ಟ ತಳಿಗಳಲ್ಲ. ಹೆಸರಾದ ತಳಿಗಳೇ. ರುಚಿಯ ಹೊಗಳಿಕೆ ಓದಿ ತರಿಸಿದ್ದೆ, ನನ್ನ ಊರಿನ ಹವೆಗೆ ಹೊಂದುತ್ತವೆಯೇ ಎಂದು ನೋಡಿರಲಿಲ್ಲ. ಹೊಸಬರು ಆ ದುಡ್ಡು, ಆ ಎರಡು ಮೂರು ವರ್ಷ ಕಳೆದುಕೊಳ್ಳಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಗಿಡದ ಸ್ವಭಾವ

ಈ ಹಣ್ಣು ನೋಡಿದ ತಕ್ಷಣ ನಮಗೆ ನೆನಪಾಗುವುದು ಹಿಪ್ಪುನೇರಳೆ. ರೇಷ್ಮೆ ಹುಳ ಸಾಕುವ ಊರುಗಳಲ್ಲಿ ಬೆಳೆದವರಿಗಂತೂ ಕೈ ನೀಲಿ ಮಾಡಿಕೊಂಡು ತಿಂದ ನೆನಪು ಇದ್ದೇ ಇರುತ್ತದೆ. ಕಾಣಲು ಒಂದೇ ಥರ, ಆದರೆ ಎರಡಕ್ಕೂ ನಂಟಿಲ್ಲ. ಹಿಪ್ಪುನೇರಳೆ ಮರ, ಆಲ ಅತ್ತಿಗಳ ಬಳಗ. ಬ್ಲ್ಯಾಕ್‌ಬೆರಿ ಗುಲಾಬಿಯ ಬಳಗದ ಪೊದೆ. ಮುಳ್ಳು ಬಂದಿರುವುದೂ ಆ ಕಡೆಯಿಂದಲೇ.

ಬೆಳೆಯುವ ರೀತಿ ಮಾತ್ರ ಬಾಳೆ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಬಾಳೆ ಒಂದು ಗೊನೆ ಕೊಟ್ಟ ಮೇಲೆ ಆ ಗಿಡದ ಕೆಲಸ ಮುಗಿಯಿತು. ಅದನ್ನು ಕಡಿಯುತ್ತೇವೆ, ಪಕ್ಕದ ಕಂದು ಮುಂದಿನ ಗೊನೆಗೆ ಬೆಳೆಯುತ್ತದೆ. ಬ್ಲ್ಯಾಕ್‌ಬೆರಿಯೂ ಹಾಗೇ. ಬುಡದಿಂದ ಉದ್ದ ಕೋಲುಗಳು ಏಳುತ್ತವೆ. ಮೊದಲ ವರ್ಷ ಕೋಲು ಬರೀ ಬೆಳೆಯುತ್ತದೆ. ಚಳಿಗಾಲ ಕಳೆದು ಎರಡನೇ ವರ್ಷ ಅದೇ ಕೋಲಿನಲ್ಲಿ ಹೂವು, ಹಣ್ಣು. ಆಮೇಲೆ ಆ ಕೋಲು ಒಣಗುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ಹೊಸ ಕೋಲುಗಳು ಎದ್ದಿರುತ್ತವೆ. ಬೇರು ಮಾತ್ರ ಹತ್ತಾರು ವರ್ಷ ಬದುಕುತ್ತದೆ.

ಇದಕ್ಕೆ ಒಂದು ಹೊಸ ಗುಂಪು ಹೊರತು. ಅವು ಮೊದಲ ವರ್ಷದ ಕೋಲಿನಲ್ಲೇ ಶರತ್ಕಾಲಕ್ಕೆ ಹಣ್ಣು ಬಿಡುತ್ತವೆ. ಅವನ್ನು ಮುಂದೆ ಬೇರೆಯಾಗಿಯೇ ಹೇಳುತ್ತೇನೆ.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು ಚಳಿ. ಇದರಲ್ಲಿ ಎರಡು ಲೆಕ್ಕ ಇವೆ, ಎರಡೂ ಬೇಕು. ನಿಮ್ಮೂರಿನ ಚಳಿ ಗಿಡವನ್ನು ಕೊಲ್ಲುವಷ್ಟು ಜಾಸ್ತಿ ಇದೆಯಾ ಎನ್ನುವುದು ಒಂದು. ಅಮೆರಿಕದ ಕೃಷಿ ಇಲಾಖೆ ಇದಕ್ಕೊಂದು ವಲಯಗಳ ನಕ್ಷೆ ಮಾಡಿದೆ. 2023ರಲ್ಲಿ ಅದನ್ನು ಹೊಸದಾಗಿ ತಿದ್ದಿದರು. ಅದರಲ್ಲಿ ನಿಮ್ಮ ಪಿನ್‌ಕೋಡ್ ಹಾಕಿದರೆ ವಲಯದ ಸಂಖ್ಯೆ ಸಿಗುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಚಳಿ ಜಾಸ್ತಿ.

ಎರಡನೇ ಲೆಕ್ಕವನ್ನು ತುಂಬ ಜನ ಮರೆಯುತ್ತಾರೆ. ಚಳಿ ಕಡಿಮೆಯಾದರೂ ಈ ಗಿಡಕ್ಕೆ ಕಷ್ಟ. ಚಳಿಗಾಲದಲ್ಲಿ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಷ್ಟು ಗಂಟೆ ಎಂದು ಕಳೆದರೆ ಮಾತ್ರ ಅದು ವಸಂತದಲ್ಲಿ ಸರಿಯಾಗಿ ಮೊಗ್ಗು ಒಡೆಯುತ್ತದೆ. ನವಾಹೊ, ಅಪಾಚಿ ತಳಿಗಳಿಗೆ 800ರಿಂದ 900 ಗಂಟೆ ಬೇಕು. ಅರಾಪಹೊಗೆ 400ರಿಂದ 500 ಸಾಕು. ಕಯೋವಾಗೆ 200ರ ಆಸುಪಾಸು ಸಿಕ್ಕರೂ ಆಯಿತು. ಹ್ಯೂಸ್ಟನ್ನಿನಲ್ಲಿ ನವಾಹೊ ನೆಟ್ಟು "ಎಲೆ ಬರುತ್ತೆ, ಹಣ್ಣು ಬರಲ್ಲ" ಎನ್ನುವವರ ಸಮಸ್ಯೆ ಗೊಬ್ಬರದ್ದಲ್ಲ, ಈ ಗಂಟೆಗಳದ್ದು.

ಆಮೇಲೆ ನೋಡಬೇಕಾದ್ದು ಹಣ್ಣಾಗುವ ತಿಂಗಳು. ನಿಮ್ಮ ಮನೆಯ ಕ್ಯಾಲೆಂಡರ್ ಮುಂದೆ ಇಟ್ಟುಕೊಂಡು ನೋಡಿ. ಅಪ್ಪ ಅಮ್ಮ ಮೇ ತಿಂಗಳಲ್ಲಿ ಬಂದು ಆರು ತಿಂಗಳು ಇರುತ್ತಾರಾ? ಹಾಗಾದರೆ ಜೂನ್ ಹಣ್ಣು ಬಲು ಚೆಂದ. ಬೆಳಗ್ಗೆ ಸ್ಟೀಲ್ ಬಟ್ಟಲು ಹಿಡಿದು ಹಿತ್ತಲಿಗೆ ಹೋಗುವುದು ನಮ್ಮತ್ತೆಗೆ ಇಲ್ಲಿನ ಬೇಸರ ಕಳೆಯುವ ದೊಡ್ಡ ಕೆಲಸವಾಗಿತ್ತು. ನೀವೇ ಜೂನ್-ಜುಲೈ ಬೆಂಗಳೂರಿನಲ್ಲಿದ್ದರೆ ತಡವಾಗಿ ಹಣ್ಣಾಗುವ ತಳಿ ಬೇಕು.

ಜಾಗದ ಮಾತು ಮುಂದೆ. ಬ್ಲ್ಯಾಕ್‌ಬೆರಿಯಲ್ಲಿ ಮೂರು ನಿಲುವಿನ ಗಿಡಗಳಿವೆ. ತಾನೇ ನೇರ ನಿಲ್ಲುವವು, ಅರ್ಧ ನಿಂತು ಅರ್ಧ ಬಾಗುವವು, ನೆಲದ ಮೇಲೆ ಹಬ್ಬುವವು. ನೇರ ನಿಲ್ಲುವ ಗಿಡಕ್ಕೆ ಮೂರು ನಾಲ್ಕು ಅಡಿ ಬಿಟ್ಟರೆ ಸಾಕು, ಒಂದು ತಂತಿ ಇದ್ದರೆ ಒಳ್ಳೆಯದು. ಬಾಗುವ ಗಿಡಕ್ಕೆ ಐದಾರು ಅಡಿ ಜಾಗ, ಗಟ್ಟಿ ಕಂಬ ತಂತಿಯ ಹಂದರ ಎರಡೂ ಬೇಕು. ಹಬ್ಬುವ ಗಿಡವನ್ನಂತೂ ಹಾಗಲ ಬಳ್ಳಿಯ ಹಾಗೆ ಹಂದರಕ್ಕೆ ಕಟ್ಟುತ್ತಲೇ ಇರಬೇಕು. ಎಲ್ಲಕ್ಕೂ ದಿನಕ್ಕೆ ಕಡಿಮೆ ಅಂದರೂ ಆರು ಗಂಟೆ ಬಿಸಿಲು ಬೇಕು. ಒಂದೇ ಗಿಡ ಇದ್ದರೂ ಹಣ್ಣಾಗುತ್ತದೆ. ಜೋಡಿ ಗಿಡ ತರಲೇಬೇಕು ಎಂದು ಅಂಗಡಿಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ.

ಮುಳ್ಳಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ಮನೆಯಲ್ಲಿ ಮಕ್ಕಳಿದ್ದರೆ, ವಯಸ್ಸಾದವರು ಹಣ್ಣು ಕೀಳುವುದಿದ್ದರೆ ಮುಳ್ಳಿಲ್ಲದ ತಳಿಯೇ ಇರಲಿ. ಮೂವತ್ತು ವರ್ಷದ ಹಿಂದೆ ಮುಳ್ಳಿಲ್ಲದ ಗಿಡ ಅಂದರೆ ರುಚಿಯಲ್ಲಿ ಸ್ವಲ್ಪ ರಾಜಿ ಆಗಬೇಕಿತ್ತು. ಈಗ ಹಾಗಿಲ್ಲ.

ಇನ್ನು ಹುಳ. ನಮ್ಮಲ್ಲಿ ಸಸ್ಯಾಹಾರಿ ಮನೆಗಳು ಜಾಸ್ತಿ, ಅದಕ್ಕೇ ಇದನ್ನು ಬಿಡಿಸಿ ಹೇಳಬೇಕು. ಏಷ್ಯಾದಿಂದ ಬಂದ ಒಂದು ಸಣ್ಣ ಹಣ್ಣಿನ ನೊಣ 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಣಿಸಿಕೊಂಡಿತು. ಕೆಲವೇ ವರ್ಷಗಳಲ್ಲಿ ದೇಶದ ಉದ್ದಗಲಕ್ಕೂ ಹರಡಿತು. ಬೇರೆ ನೊಣಗಳು ಕೊಳೆತ ಹಣ್ಣಿಗೆ ಬಂದರೆ ಇದು ಒಳ್ಳೆಯ, ಮಾಗುತ್ತಿರುವ ಹಣ್ಣಿನೊಳಗೇ ಮೊಟ್ಟೆ ಇಡುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಬೇಸಿಗೆ ಮುಂದುವರಿದ ಹಾಗೆ ಈ ನೊಣಗಳ ಸಂಖ್ಯೆ ಏರುತ್ತದೆ. ಅಂದರೆ ಬೇಗ ಹಣ್ಣಾಗುವ ತಳಿಗೆ ಕಾಟ ಕಡಿಮೆ, ತಡವಾಗಿ ಹಣ್ಣಾಗುವುದಕ್ಕೆ ಜಾಸ್ತಿ. ಊರಿಗೆ ಹೋಗಿ ಬರುವವರಿಗೆ ಹೇಳಿದ ತಡದ ತಳಿಗೆ ಇದೇ ಕೊರತೆ. ಎರಡು ದಿನಕ್ಕೊಮ್ಮೆ ತಪ್ಪದೆ ಕೀಳುವುದು, ಕಿತ್ತ ಕೂಡಲೇ ಫ್ರಿಜ್ಜಿಗೆ ಹಾಕುವುದು, ನೆಲಕ್ಕೆ ಬಿದ್ದ ಹಣ್ಣು ಬಿಡದೆ ಆರಿಸುವುದು, ಗಿಡಕ್ಕೆ ಸಣ್ಣ ಕಣ್ಣಿನ ಬಲೆ ಹೊದಿಸುವುದು ಇದಕ್ಕಿರುವ ದಾರಿಗಳು. ಅಷ್ಟು ಮಾಡಲು ಆಗದವರು ಬೇಗ ಹಣ್ಣಾಗುವ ತಳಿಯನ್ನೇ ನೆಡಲಿ.

ರುಚಿಯನ್ನು ಕೊನೆಗೆ ಇಟ್ಟಿದ್ದೇನೆ. ರುಚಿ ಬೇಡ ಅಂತ ಅಲ್ಲ. ಮೇಲಿನ ಜರಡಿಯಲ್ಲಿ ಸೋಸಿ ಉಳಿದ ಎರಡು ಮೂರು ತಳಿಗಳ ನಡುವೆ ರುಚಿ ನೋಡಿ ಆರಿಸಿದರೆ ಸಾಕು.

ಅರ್ಕಾನ್ಸಾ ಬಳಗ

ಅಂಗಡಿಯ ಲೇಬಲ್ಲಿನಲ್ಲಿ ಅಮೆರಿಕದ ಮೂಲನಿವಾಸಿ ಬುಡಕಟ್ಟಿನ ಹೆಸರು ಕಂಡರೆ ಅದು ಅರ್ಕಾನ್ಸಾ ವಿಶ್ವವಿದ್ಯಾಲಯದ ತಳಿ ಎಂದು ಹೆಚ್ಚುಕಡಿಮೆ ಹೇಳಿಬಿಡಬಹುದು. 1964ರಲ್ಲಿ ಜೇಮ್ಸ್ ಮೂರ್ ಅಲ್ಲಿ ಬ್ಲ್ಯಾಕ್‌ಬೆರಿ ತಳಿ ಅಭಿವೃದ್ಧಿ ಶುರು ಮಾಡಿದರು. ಆಮೇಲೆ ಜಾನ್ ಕ್ಲಾರ್ಕ್ ಅದನ್ನು ಮುಂದುವರಿಸಿದರು. ಇವರು ಪಟ್ಟು ಹಿಡಿದಿದ್ದು ಒಂದಕ್ಕೆ: ಮುಳ್ಳಿರಬಾರದು, ಗಿಡ ತಾನೇ ನೇರ ನಿಲ್ಲಬೇಕು, ಹಣ್ಣು ಸಿಹಿಯಾಗಿರಬೇಕು. 1989ರಲ್ಲಿ ಬಂದ ನವಾಹೊ ಆ ದಾರಿಯ ಮೊದಲ ದೊಡ್ಡ ಗೆಲುವು. ಇವತ್ತು ಮನೆಯ ಹಿತ್ತಲಿಗೆ ಬರುವ ಗಿಡಗಳಲ್ಲಿ ಬಹಳಷ್ಟು ಈ ಕೆಲಸದ ಫಲ.

ನವಾಹೊ ಹಣ್ಣು ಚಿಕ್ಕದು, ಆದರೆ ರುಚಿ ತುಂಬ ಒಳ್ಳೆಯದು. ಫ್ರಿಜ್ಜಿನಲ್ಲಿ ಚೆನ್ನಾಗಿ ಉಳಿಯುತ್ತದೆ. ಕಷ್ಟ ಏನೆಂದರೆ ಕಿತ್ತಳೆ ತುಕ್ಕು ರೋಗಕ್ಕೆ ಬೇಗ ಬಲಿಯಾಗುತ್ತದೆ. ವಸಂತದಲ್ಲಿ ಎಲೆಯ ಅಡಿಯಲ್ಲಿ ಅರಿಸಿನ-ಕುಂಕುಮ ಬೆರೆಸಿದ ಬಣ್ಣದ ಪುಡಿ ಕಾಣುತ್ತದೆ. ಕಂಡರೆ ಔಷಧಿಯಿಂದ ವಾಸಿಯಾಗುವುದಿಲ್ಲ, ಗಿಡವನ್ನು ಬೇರುಸಹಿತ ಕೀಳಬೇಕು. ನನ್ನ ನವಾಹೊ ನಾಲ್ಕನೇ ವರ್ಷ ಹೋಗಿದ್ದು ಹೀಗೆ. ಹಣ್ಣಿನ ಭಾರಕ್ಕೆ ಬಾಗುವಷ್ಟಾಗಿದ್ದ ಗಿಡವನ್ನು ಅಗೆದು ತೆಗೆಯುವಾಗ ನಿಜಕ್ಕೂ ಸಂಕಟವಾಯಿತು. ಸುತ್ತ ಕಾಡು ಬ್ಲ್ಯಾಕ್‌ಬೆರಿ ಪೊದೆಗಳಿರುವ ಬಡಾವಣೆಗಳಲ್ಲಿ ಈ ರೋಗದ ಭಯ ಜಾಸ್ತಿ. ಅಂಥ ಕಡೆ ನವಾಹೊ ಬೇಡ ಎನ್ನುತ್ತೇನೆ.

ಆ ಜಾಗದಲ್ಲಿ ನಾನು ನೆಟ್ಟಿದ್ದು 2003ರಲ್ಲಿ ಬಿಡುಗಡೆಯಾದ ತಳಿ. ಹೆಸರನ್ನು ವಾಶಿಟಾ ಎಂದು ಓದಬೇಕು. ಲೇಬಲ್ಲಿನಲ್ಲಿ ಅದು ಇಂಗ್ಲಿಷಿನ 'ಓ' ಅಕ್ಷರದಿಂದ ಶುರುವಾಗುತ್ತದೆ, ಓದಿದವರು ನಾನಾ ಥರ ಕೂಗುತ್ತಾರೆ. ಒಂದೇ ಗಿಡ ನೆಡುತ್ತೇನೆ, ಜಾಸ್ತಿ ಯೋಚಿಸಲು ಸಮಯವಿಲ್ಲ ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಹಣ್ಣು ಮಧ್ಯಮ ಗಾತ್ರ, ಆರೇಳು ಗ್ರಾಂ. ಸಿಹಿ ಚೆನ್ನಾಗಿದೆ. ನೇರ ನಿಲ್ಲುತ್ತದೆ. ದಕ್ಷಿಣದ ರಾಜ್ಯಗಳಲ್ಲಿ ಹೂವನ್ನೇ ಕೆಡಿಸುವ ರೊಸೆಟ್ ಎಂಬ ರೋಗವನ್ನು ತಡೆದುಕೊಳ್ಳುತ್ತದೆ. ನಮ್ಮಲ್ಲಿ ಜೂನ್ ನಡುವಿನಿಂದ ಸುಮಾರು ಐದು ವಾರ ಬಿಡದೆ ಹಣ್ಣು ಸಿಗುತ್ತದೆ. ಯಾವುದರಲ್ಲೂ ಮೊದಲ ಸ್ಥಾನ ಇಲ್ಲ, ಯಾವುದರಲ್ಲೂ ತೀರ ಹಿಂದೆ ಬೀಳುವುದಿಲ್ಲ. ಹಿತ್ತಲಿಗೆ ಇಂಥ ಗಿಡವೇ ಬೇಕು.

ನ್ಯಾಚೆಜ್ ಬೇರೆ ಸ್ವಭಾವದ್ದು. 2007ರ ತಳಿ. ಹಣ್ಣು ಎಂಟೊಂಬತ್ತು ಗ್ರಾಂ, ಕೈಯಲ್ಲಿ ಹಿಡಿದರೆ ಖುಷಿಯಾಗುತ್ತದೆ. ಜೂನ್ ಮೊದಲಲ್ಲೇ ಶುರು. ಅಂದರೆ ಹುಳದ ಕಾಟ ಬರುವ ಮುಂಚೆ ಅರ್ಧ ಫಸಲು ಮುಗಿದಿರುತ್ತದೆ. ಫಸಲೂ ಹೇರಳ. ಆದರೆ ಗಿಡ ನೆಟ್ಟಗೆ ನಿಲ್ಲುವುದಿಲ್ಲ, ಹಂದರ ಬೇಕೇ ಬೇಕು. ರುಚಿಯೂ ದಿನದಿಂದ ದಿನಕ್ಕೆ ಬದಲಾಗುತ್ತದೆ. ಪೂರ್ತಿ ಮಾಗಿದರೆ ಸಿಹಿ, ಒಂದು ದಿನ ಮುಂಚೆ ಕಿತ್ತರೆ ಹುಳಿ. ಹಣ್ಣು ಮಿತಿಮೀರಿ ಹಿಡಿದ ವರ್ಷ ಸಪ್ಪೆಯೂ ಆಗುತ್ತದೆ, ಮುಂದಿನ ವರ್ಷಕ್ಕೆ ಹೊಸ ಕೋಲು ಕಡಿಮೆ ಏಳುತ್ತವೆ. ಕತ್ತರಿ ಹಿಡಿದು ಚಳಿಗಾಲದಲ್ಲಿ ಪಕ್ಕದ ರೆಂಬೆಗಳನ್ನು ಧೈರ್ಯವಾಗಿ ಮೋಟು ಮಾಡುವವರಿಗೆ ಇದು ಒಳ್ಳೆಯ ಗಿಡ. ಗಿಡ ಕತ್ತರಿಸಲು ಮನಸ್ಸು ಬಾರದವರಿಗೆ ಅಲ್ಲ. ಗೊಜ್ಜು, ಜಾಮ್ ಮಾಡುವ ಮನೆಗೆ ನ್ಯಾಚೆಜ್‌ನ ಹುಳಿ ಒಂದು ಅನುಕೂಲವೇ. ಬೆಲ್ಲ, ಒಣಮೆಣಸಿನಕಾಯಿ, ಎಳ್ಳು ಹಾಕಿ ಮಾಡಿದ ಇದರ ಗೊಜ್ಜು ಅನಾನಸ್ ಗೊಜ್ಜಿನ ಪಕ್ಕದಲ್ಲಿ ಧಾರಾಳವಾಗಿ ನಿಲ್ಲುತ್ತದೆ.

ಸಿಹಿಯೇ ಮುಖ್ಯ ಎನ್ನುವವರು 2019ರಲ್ಲಿ ಬಂದ ಪಾಂಕಾ ಹುಡುಕಿ. ಈ ಬಳಗದಲ್ಲಿ ಅತಿ ಸಿಹಿ ಎಂದು ಹೆಸರಾಗಿರುವುದು ಅದು. ಬೇಗ ಹಣ್ಣಾಗುತ್ತದೆ, ಮುಳ್ಳಿಲ್ಲ, ನೇರ ನಿಲ್ಲುತ್ತದೆ. ಅಂಗಡಿಯ ಬ್ಲ್ಯಾಕ್‌ಬೆರಿ ಹುಳಿ ಎಂದು ಮುಖ ಕಿವುಚುವ ಮಕ್ಕಳಿಗೆ ಇದನ್ನು ಕೊಟ್ಟು ನೋಡಿ. ನಾನು ಪಕ್ಕದ ಬೀದಿಯವರ ಹಿತ್ತಲಲ್ಲಿ ತಿಂದಿದ್ದೇನೆ, ಹೊಗಳಿಕೆಯಲ್ಲಿ ಉತ್ಪ್ರೇಕ್ಷೆ ಇಲ್ಲ. ಹೊಸ ತಳಿಯಾದ್ದರಿಂದ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಬೆಲೆಯೂ ನಾಲ್ಕೈದು ಡಾಲರ್ ಜಾಸ್ತಿ. 2012ರ ಓಸೇಜ್ ಕೂಡ ರುಚಿಗೇ ಹೆಸರಾದದ್ದು, ಹಣ್ಣು ಸ್ವಲ್ಪ ಚಿಕ್ಕದು. 2018ರ ಕ್ಯಾಡೊ ದೊಡ್ಡ ಹಣ್ಣು, ಸಿಹಿಯೂ ಇದೆ. ಪಾಂಕಾ ಸಿಗದಿದ್ದರೆ ಇವೆರಡರಲ್ಲಿ ಯಾವುದಾದರೂ ಆಗಬಹುದು.

ಅಪಾಚಿ ನಾನು ಕಿತ್ತ ಎರಡನೆಯದು. ಬಿಸಿಲು ಜೋರಾದರೆ ಇದರ ಹಣ್ಣಿನ ಕೆಲವು ಕಾಳುಗಳು ಬೆಳ್ಳಗಾಗುತ್ತವೆ. ತಿನ್ನಲು ತೊಂದರೆಯಿಲ್ಲ, ಆದರೆ ನಮ್ಮ ಪಡುವಣ ಬಿಸಿಲಿನಲ್ಲಿ ಅರ್ಧಕ್ಕರ್ಧ ಹಣ್ಣು ಹೀಗೆ ಆಯಿತು. ಮಕ್ಕಳು ಮುಟ್ಟಲಿಲ್ಲ.

ಮುಳ್ಳಿರುವವರ ಪೈಕಿ ಕಯೋವಾ ಒಂದನ್ನು ಹೇಳಲೇಬೇಕು. 1996ರದ್ದು. ಹಣ್ಣು ಹತ್ತು ಗ್ರಾಂ ದಾಟುತ್ತದೆ. ಆರು ವಾರದವರೆಗೂ ಬರುತ್ತಲೇ ಇರುತ್ತದೆ. ಚಳಿ ಕಡಿಮೆ ಇರುವ ಹ್ಯೂಸ್ಟನ್, ಉತ್ತರ ಫ್ಲೋರಿಡಾ ಕಡೆ ಇದು ನಂಬಿಕೆಯ ಗಿಡ. ಮುಳ್ಳು ಮಾತ್ರ ಜೋರು. ಹಿಂಬದಿ ಬೇಲಿಗೆ, ಮಕ್ಕಳು ಚೆಂಡು ಹುಡುಕಿ ನುಗ್ಗದ ಮೂಲೆಗೆ ಸರಿ.

ಟ್ರಿಪಲ್ ಕ್ರೌನ್ ಮತ್ತು ಚೆಸ್ಟರ್

ಇವೆರಡೂ ಅಮೆರಿಕದ ಕೃಷಿ ಇಲಾಖೆಯ ತಳಿಗಳು. ಮುಳ್ಳಿಲ್ಲ, ಅರ್ಧ ಬಾಗುವ ಗಿಡ, ತಡವಾಗಿ ಹಣ್ಣು. ಊರಿಗೆ ಹೋಗಿ ಬರುವವರು ಇಲ್ಲಿ ಗಮನ ಕೊಡಿ.

1996ರ ಟ್ರಿಪಲ್ ಕ್ರೌನ್‌ಗೆ ಆ ಹೆಸರು ಬಂದಿದ್ದು ರುಚಿ, ಇಳುವರಿ, ಗಿಡದ ಕಸುವು ಈ ಮೂರರಿಂದ. ಮೂರೂ ನಿಜ. ಪೂರ್ತಿ ಮಾಗಿದ ಟ್ರಿಪಲ್ ಕ್ರೌನ್ ಬಾಯಲ್ಲಿ ಕರಗುತ್ತದೆ. ಅಂಗಡಿಗೆ ಹೋಗುವಷ್ಟು ಗಟ್ಟಿ ಇಲ್ಲ, ಆದ್ದರಿಂದ ಅದು ಮನೆಯಲ್ಲಿ ಬೆಳೆದವರಿಗೇ ಸಿಗುವ ರುಚಿ. ನಮ್ಮ ಒಂದು ಗಿಡ ಒಳ್ಳೆಯ ವರ್ಷದಲ್ಲಿ ಐದು ಕಿಲೋ ಕೊಟ್ಟಿದೆ. ಕೋಲುಗಳು ಹನ್ನೆರಡು ಅಡಿಯವರೆಗೂ ಹೋಗುತ್ತವೆ, ಹಂದರ ಕಟ್ಟದಿದ್ದರೆ ಪಕ್ಕದ ಮನೆಯವರ ಬೇಲಿ ದಾಟುತ್ತವೆ. ನಮ್ಮಲ್ಲಿ ಜುಲೈಯಿಂದ ಹಣ್ಣು. ನ್ಯೂಜೆರ್ಸಿ, ಬಾಸ್ಟನ್ ಕಡೆ ಇನ್ನೂ ತಡ, ಆಗಸ್ಟಿನಲ್ಲಿ ವಿಮಾನ ಇಳಿದು ಬಂದವರಿಗೆ ಗಿಡ ತುಂಬ ಕಾಯುತ್ತಿರುತ್ತದೆ. ಹುಳದ ಬಲೆಯ ಖರ್ಚನ್ನು ಇದಕ್ಕೆ ಸೇರಿಸಿಕೊಳ್ಳಿ.

1985ರ ಚೆಸ್ಟರ್ ಮುಳ್ಳಿಲ್ಲದವರಲ್ಲಿ ಚಳಿ ಚೆನ್ನಾಗಿ ತಡೆಯುವ ಗಿಡ. ವಲಯ 5ರವರೆಗೆ ನಡೆಯುತ್ತದೆ. ಸುಡು ಬಿಸಿಲಿನಲ್ಲೂ ಹಣ್ಣು ಮೆತ್ತಗಾಗುವುದಿಲ್ಲ, ಬಣ್ಣ ಕೆಡುವುದಿಲ್ಲ. ರುಚಿ ಟ್ರಿಪಲ್ ಕ್ರೌನ್‌ನಷ್ಟಿಲ್ಲ. ಚಿಕಾಗೋದಲ್ಲಿರುವವರಿಗೆ ಆ ರಾಜಿ ಒಳ್ಳೆಯ ರಾಜಿ, ಕೋಲು ಚಳಿಗೆ ಸತ್ತರೆ ರುಚಿಯ ಮಾತೇ ಬರುವುದಿಲ್ಲವಲ್ಲ. ಅಲ್ಲಿಗಿಂತಲೂ ಚಳಿಯ ಕಡೆ ಇರುವವರು ಇಲಿನಾಯ್ ವಿಶ್ವವಿದ್ಯಾಲಯದ ಇಲೈನಿ ಹಾರ್ಡಿ ನೋಡಬಹುದು. ಅದಕ್ಕೆ ಮುಳ್ಳಿದೆ.

ಪಶ್ಚಿಮ ಕರಾವಳಿಯ ಹಬ್ಬುವ ತಳಿಗಳು

ಮೇರಿಯನ್ ಬಗ್ಗೆ ಓದಿದಾಗ ನನಗೆ ಹುಚ್ಚೇ ಹಿಡಿದಿತ್ತು. 1956ರಲ್ಲಿ ಆರೆಗನ್‌ನಲ್ಲಿ ಬಿಡುಗಡೆಯಾದ ತಳಿ, ಅಲ್ಲಿನ ಮೇರಿಯನ್ ಕೌಂಟಿಯ ಹೆಸರು. ರುಚಿಗೆ ತುಂಬ ಹೆಸರಾದದ್ದು. ಹುಳಿ, ಸಿಹಿ, ಪರಿಮಳ ಮೂರೂ ಸೇರಿದ ರುಚಿ, ಬೀಜ ಚಿಕ್ಕದು. ಆನ್‌ಲೈನಿನಲ್ಲಿ ತರಿಸಿ ನೆಟ್ಟೆ. ಮೊದಲ ಚಳಿಗಾಲ ಕೋಲುಗಳು ತುದಿಯಿಂದ ಕಪ್ಪಾದವು. ಎರಡನೆಯದರಲ್ಲಿ ಬುಡದವರೆಗೆ ಸತ್ತವು. ಎರಡನೇ ವರ್ಷದ ಕೋಲು ಉಳಿಯದಿದ್ದರೆ ಹಣ್ಣಿಲ್ಲ. ಮೂರು ವರ್ಷದಲ್ಲಿ ಒಂದು ಬಟ್ಟಲು ಹಣ್ಣೂ ಸಿಗಲಿಲ್ಲ. ಆ ತಳಿಗೆ ಬೇಕಾದ್ದು ಆರೆಗನ್‌ನ ವಿಲಮೆಟ್ ಕಣಿವೆಯ ಮೆದು ಚಳಿ, ಒಣ ಬೇಸಿಗೆ. ನಮ್ಮ ಏರಿಳಿಯುವ ಚಳಿ, ಬೆವರು ಸುರಿಸುವ ಬೇಸಿಗೆ ಅದಕ್ಕೆ ಹೊಂದದು.

ಹಾಗಾಗಿ ಸಿಯಾಟಲ್, ಪೋರ್ಟ್‌ಲೆಂಡ್ ಕಡೆಯವರೇ, ಈ ಭಾಗ್ಯ ನಿಮ್ಮದು. ಮೇರಿಯನ್‌ಗೆ ತುಂಬ ಮುಳ್ಳಿದೆ. ಅದೇ ಬಗೆಯ ರುಚಿ ಇರುವ, ಮುಳ್ಳಿಲ್ಲದ ಕೊಲಂಬಿಯಾ ಸ್ಟಾರ್ ಈಗ ಸಿಗುತ್ತದೆ. ಹಿತ್ತಲಿಗೆ ಅದೇ ಸರಿ. ಕ್ಯಾಲಿಫೋರ್ನಿಯಾದ ಬೇ ಏರಿಯಾದವರಿಗೆ, ಲಾಸ್ ಏಂಜಲೀಸ್ ಕಡೆಯವರಿಗೆ ಬಾಯ್ಸನ್‌ಬೆರಿ ಚೆನ್ನಾಗಿ ಬರುತ್ತದೆ, ಅದಕ್ಕೆ ಚಳಿ ಅಷ್ಟೇನೂ ಬೇಕಿಲ್ಲ. ಬ್ಲ್ಯಾಕ್‌ಬೆರಿ, ರಾಸ್ಪ್‌ಬೆರಿ ಬೆರೆತ ಹಣ್ಣು ಅದು, ಬಣ್ಣ ನೇರಳೆ ಕೆಂಪು. ಮುಳ್ಳಿಲ್ಲದ ಬಗೆಯನ್ನೇ ಕೇಳಿ ತಗೊಳ್ಳಿ.

ಅಲ್ಲಿ ರಸ್ತೆ ಬದಿಯಲ್ಲೆಲ್ಲ ಹಬ್ಬಿರುವ, ಹೆಬ್ಬೆರಳು ದಪ್ಪದ ಕೋಲಿನ ಮುಳ್ಳುಪೊದೆಯನ್ನು ಹಿಮಾಲಯನ್ ಬ್ಲ್ಯಾಕ್‌ಬೆರಿ ಎನ್ನುತ್ತಾರೆ. ನಮ್ಮ ದೇಶದ್ದು ಎಂದು ಪ್ರೀತಿಯಿಂದ ಹಿತ್ತಲಿಗೆ ತರಬೇಡಿ. 1885ರಲ್ಲಿ ಲೂಥರ್ ಬರ್ಬ್ಯಾಂಕ್ ಎಂಬ ತಳಿಗಾರ ಅದನ್ನು ಆ ಹೆಸರಿನಲ್ಲಿ ಮಾರಿದ. ಬೀಜ ಭಾರತದಿಂದ ಬಂದದ್ದೆಂದು ಅವನು ತಿಳಿದಿದ್ದ. ನಿಜಕ್ಕೂ ಅದು ಆರ್ಮೇನಿಯಾ, ಇರಾನ್ ಕಡೆಯ ಗಿಡ. ಇವತ್ತು ಆ ರಾಜ್ಯಗಳಲ್ಲಿ ಅದು ದೊಡ್ಡ ಕಳೆ. ರಸ್ತೆ ಬದಿಯದನ್ನು ಕಿತ್ತು ತಿನ್ನುವುದಾದರೂ ಔಷಧಿ ಹೊಡೆದಿಲ್ಲ ಎಂದು ಖಚಿತವಾದರೆ ಮಾತ್ರ.

ಮೊದಲ ವರ್ಷವೇ ಹಣ್ಣು ಬಿಡುವವು

ಪ್ರೈಮ್-ಆರ್ಕ್ ಎಂದು ಹೆಸರು ಶುರುವಾಗುವ ತಳಿಗಳು ಈ ಗುಂಪಿನವು, ಇವೂ ಅರ್ಕಾನ್ಸಾದವೇ. 2013ರ ಪ್ರೈಮ್-ಆರ್ಕ್ ಫ್ರೀಡಂ ಈ ಬಗೆಯಲ್ಲಿ ಮುಳ್ಳಿಲ್ಲದ ಮೊದಲ ತಳಿ. ಮರುವರ್ಷ ಬಂದ ಟ್ರಾವೆಲರ್ ಹಣ್ಣು ಇನ್ನೂ ಗಟ್ಟಿ. ಆರೈಕೆ ಬಲು ಸುಲಭ. ಚಳಿಗಾಲದ ಕೊನೆಗೆ ಎಲ್ಲ ಕೋಲನ್ನೂ ನೆಲಮಟ್ಟಕ್ಕೆ ಕತ್ತರಿಸಿಬಿಡಿ. ಹೊಸ ಕೋಲು ಎದ್ದು ಶರತ್ಕಾಲಕ್ಕೆ ಹಣ್ಣು ಕೊಡುತ್ತವೆ. ಯಾವ ಕೋಲು ಹಳೆಯದು, ಯಾವುದು ಹೊಸದು ಎಂಬ ಗೊಂದಲವೇ ಇಲ್ಲ. ಕತ್ತರಿಸದೆ ಬಿಟ್ಟರೆ ಬೇಸಿಗೆಗೊಂದು, ಶರತ್ಕಾಲಕ್ಕೊಂದು ಎರಡು ಫಸಲು.

ಕೇಳಲು ತುಂಬ ಚೆನ್ನಾಗಿದೆ, ಅಲ್ವಾ? ಒಂದು ಕಂಟಕ ಇದೆ. ಹೂ ಬಿಡುವ ಹೊತ್ತಿಗೆ ಬಿಸಿಲು 29 ಡಿಗ್ರಿ ದಾಟುತ್ತಿದ್ದರೆ ಕಾಯಿ ಸರಿಯಾಗಿ ಕಟ್ಟುವುದಿಲ್ಲ. ನಮ್ಮ ಕ್ಯಾರಿಯಲ್ಲಿ, ಡಲ್ಲಾಸ್‌ನಲ್ಲಿ ಜುಲೈ-ಆಗಸ್ಟ್ ಅಂದರೆ ಅದಕ್ಕಿಂತ ಬಿಸಿ. ಆದ್ದರಿಂದ ಇಲ್ಲಿ ಶರತ್ಕಾಲದ ಫಸಲು ಸೊರಗುತ್ತದೆ, ಬೇಸಿಗೆಯ ಫಸಲೇ ಗತಿ. ಮಿನೆಸೋಟಾದಂಥ ಕಡೆ ಬಿಸಿಲಿನ ತೊಂದರೆ ಕಡಿಮೆ, ಆದರೆ ಹಣ್ಣಾಗುವ ಮುಂಚೆ ಹಿಮ ಬಿದ್ದುಬಿಡುವ ಭಯ. ತಂಪು ಬೇಸಿಗೆ, ಉದ್ದ ಶರತ್ಕಾಲ ಎರಡೂ ಇರುವ ಕರಾವಳಿ ಕ್ಯಾಲಿಫೋರ್ನಿಯಾದಂಥ ಜಾಗಕ್ಕೆ ಇದು ಹೇಳಿ ಮಾಡಿಸಿದ್ದು. ನನ್ನ ಫ್ರೀಡಂ ಗಿಡ ಸೆಪ್ಟೆಂಬರ್ ಕೊನೆಗೆ ಕೊಡುವುದು ಒಂದೆರಡು ಬಟ್ಟಲು ಅಷ್ಟೇ. ನವರಾತ್ರಿಯಲ್ಲಿ ಗೊಂಬೆ ನೋಡಲು ಬಂದ ಮಕ್ಕಳ ಕೈಗೆ ನಾಲ್ಕು ನಾಲ್ಕು ಇಡಲು ಸಾಕು. ಅದಕ್ಕಾಗಿಯೇ ಉಳಿಸಿಕೊಂಡಿದ್ದೇನೆ.

ಟೌನ್‌ಹೌಸ್, ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಬೇಬಿ ಕೇಕ್ಸ್ ಎಂಬ ಗಿಡ್ಡ ತಳಿ ಇದೆ. ಮುಳ್ಳಿಲ್ಲ, ಮೂರು ನಾಲ್ಕು ಅಡಿಗೆ ನಿಲ್ಲುತ್ತದೆ, ಕುಂಡದಲ್ಲೇ ಬೆಳೆಯುತ್ತದೆ. ಕುಂಡ ದೊಡ್ಡದಿರಲಿ, ಬೇಸಿಗೆಯಲ್ಲಿ ದಿನಾ ನೀರು ಬೇಕು. ಎರಡು ತಿಂಗಳು ಊರಿಗೆ ಹೋಗುವವರು ನೀರು ಹಾಕಲು ಯಾರನ್ನಾದರೂ ಗೊತ್ತು ಮಾಡಿಕೊಂಡ ಮೇಲೆ ಕೊಳ್ಳಿ.

ದುಡ್ಡಿನ ಲೆಕ್ಕ

ಕುಂಡದ ಗಿಡ ಸಾಮಾನ್ಯವಾಗಿ 15ರಿಂದ 30 ಡಾಲರ್. ಚಳಿಗಾಲದ ಕೊನೆಯಲ್ಲಿ ಮಣ್ಣಿಲ್ಲದೆ ಬರೀ ಬೇರಿನ ಜತೆ ಬರುವ ಗಿಡ ಇದಕ್ಕಿಂತ ಅಗ್ಗ, ಎರಡನೇ ವರ್ಷಕ್ಕೆ ಎರಡೂ ಒಂದೇ ಸಮ ಆಗುತ್ತವೆ. ನಿಜವಾದ ಖರ್ಚು ಹಂದರದ್ದು. ನನ್ನ ಹದಿನೈದು ಅಡಿ ಸಾಲಿಗೆ ಕಬ್ಬಿಣದ ಕಂಬ, ತಂತಿ ಸೇರಿ ಗಿಡಗಳಿಗಿಂತ ಜಾಸ್ತಿಯಾಯಿತು. ಬಜೆಟ್ ಬಿಗಿ ಇದ್ದರೆ ನೇರ ನಿಲ್ಲುವ ವಾಶಿಟಾ ನೆಟ್ಟು ಒಂದು ಗೂಟ ಕೊಟ್ಟರೆ ನಡೆಯುತ್ತದೆ. ಮಣ್ಣಿಗೂ ಸ್ವಲ್ಪ ಬೇಕು. ನಮ್ಮ ಕಡೆಯದು ಊರಿನ ಹಾಗೇ ಕೆಮ್ಮಣ್ಣು, ಜಿಗುಟು. ನೀರು ನಿಂತರೆ ಬೇರು ಕೊಳೆಯುತ್ತದೆ, ಅದಕ್ಕೇ ಒಂದಡಿ ಎತ್ತರದ ಪಾತಿ ಮಾಡಿದೆ. ಡಲ್ಲಾಸ್‌ನ ಕರಿಮಣ್ಣು ಸುಣ್ಣದ ಗುಣದ್ದು. ಈ ಗಿಡಕ್ಕೆ ಕೊಂಚ ಹುಳಿ ಮಣ್ಣು ಬೇಕು, ಪಿಎಚ್ 5.5ರಿಂದ 6.5ರ ನಡುವೆ. ಅಲ್ಲಿನವರು ಪಾತಿಗೆ ಹೊರಗಿನ ಮಣ್ಣು ತುಂಬಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಲಿ.

ಒಂದು ಗಿಡದಿಂದ ಹತ್ತು ಮಾಡುವ ಆಸೆ ನಮಗೆಲ್ಲ ಇದೆ. ಟ್ರಿಪಲ್ ಕ್ರೌನ್ ಕೋಲಿನ ತುದಿಯನ್ನು ಆಗಸ್ಟ್ ಕೊನೆಯಲ್ಲಿ ಮಣ್ಣಿನಲ್ಲಿ ಹೂತರೆ ವಸಂತಕ್ಕೆ ಬೇರು ಬಿಟ್ಟ ಹೊಸ ಗಿಡ ಸಿದ್ಧ. ಅದನ್ನು ನೆರೆಹೊರೆಗೆ ಹಂಚಬಹುದು. ಪಾಂಕಾ, ಕ್ಯಾಡೊ ಥರದ ಹೊಸ ತಳಿಗಳಿಗೆ ಪೇಟೆಂಟ್ ಇದೆ, ಅವನ್ನು ಹೀಗೆ ಮಾಡುವಂತಿಲ್ಲ.

ಬೆಂಗಳೂರಿಗೆ ಒಯ್ಯಬಹುದಾ?

ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ಬೇಡ. ಗಿಡವನ್ನು ಸೂಟ್‌ಕೇಸಿನಲ್ಲಿಟ್ಟು ಒಯ್ಯುವುದು ಕಾನೂನಿಗೆ ವಿರುದ್ಧ, ಪರವಾನಗಿ ಮತ್ತು ಆರೋಗ್ಯ ಪ್ರಮಾಣಪತ್ರ ಬೇಕು. ಅದಕ್ಕಿಂತ ಮುಖ್ಯವಾಗಿ ಗಿಡಕ್ಕೆ ಅಲ್ಲಿ ಬೇಕಾದ ಚಳಿ ಸಿಗುವುದಿಲ್ಲ. ಬೆಂಗಳೂರು ನಗರದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ. ಅಂದರೆ ಈ ಗಿಡಗಳು ಎಣಿಸುವ 7 ಡಿಗ್ರಿಯ ಗಂಟೆ ಅಲ್ಲಿ ಒಂದೂ ಇಲ್ಲ. ಅಲ್ಲಿನ ಮನೆಯ ಮುಂದೆ ಹಣ್ಣಿಗೆಂದೇ ಒಂದು ಹಿಪ್ಪುನೇರಳೆ ನೆಡಿ. ಕಡ್ಡಿ ಊರಿದರೆ ಚಿಗುರುತ್ತದೆ.

ಅಂಗಡಿಯಲ್ಲಿ ನಿಂತಿರುವವರಿಗೆ

ಮೊನ್ನೆ ಫೋಟೋ ಕಳಿಸಿದ್ದು ಷಾರ್ಲಟ್‌ನ ಒಂದು ಹುಡುಗಿ. ಸಾಲಿನಲ್ಲಿ ನವಾಹೊ, ನ್ಯಾಚೆಜ್, ಟ್ರಿಪಲ್ ಕ್ರೌನ್, ವಾಶಿಟಾ ಇದ್ದವು. ಮನೆಯಲ್ಲಿ ಮೂರು ವರ್ಷದ ಮಗು. ಬೇಲಿ ಹನ್ನೆರಡು ಅಡಿ. ಈ ವರ್ಷ ಅಪ್ಪ ಅಮ್ಮ ಬರುತ್ತಿದ್ದಾರೆ, ಮುಂದಿನ ವರ್ಷ ಇವರೇ ಊರಿಗೆ ಹೋಗುತ್ತಾರೆ. ನಾನು ಒಂದು ವಾಶಿಟಾ, ಒಂದು ಟ್ರಿಪಲ್ ಕ್ರೌನ್ ಎಂದೆ. ಎರಡೂ ಸೇರಿದರೆ ಜೂನ್ ನಡುವಿನಿಂದ ಆಗಸ್ಟ್ ಮೊದಲವರೆಗೆ ಹಣ್ಣು. ಊರಿಗೆ ಹೋಗುವ ವರ್ಷ ವಾಶಿಟಾ ಹಣ್ಣು ಅಕ್ಕಪಕ್ಕದವರಿಗೆ, ಟ್ರಿಪಲ್ ಕ್ರೌನ್‌ನ ಕೊನೆಯ ಹಣ್ಣು ಮನೆಗೆ. ಈ ವರ್ಷ ನೆಟ್ಟರೆ ಫಸಲು ಬರುವುದು ಮುಂದಿನ ವರ್ಷ, ಅಪ್ಪ ಅಮ್ಮನಿಗೆ ಈ ಸಲ ಗಿಡ ಮಾತ್ರ ತೋರಿಸಬಹುದು ಎಂದೂ ಹೇಳಿದೆ.

"ಸರಿ ಅಕ್ಕಾ, ಕುಂಡದಲ್ಲಿ ಏನು ನೋಡಲಿ?" ಎಂದಳು. ಮೇಲಿನ ಕೋಲು ಒಣಗಿದಂತೆ ಕಂಡರೂ ಪರವಾಗಿಲ್ಲ, ಉಗುರಿನಿಂದ ಕೆರೆದು ನೋಡು, ಒಳಗೆ ಹಸಿರಿರಬೇಕು. ಬುಡದಲ್ಲಿ ಹೊಸ ಮೊಳಕೆ ಕಂಡರೆ ಇನ್ನೂ ಒಳ್ಳೆಯದು. ಕೆಳಗಿನ ತೂತಿನಿಂದ ಬೇರು ಹೊರಗೆ ಬಂದು ಸುರುಳಿ ಸುತ್ತಿದ್ದರೆ ಬೇಡ. ಎಲೆ ಬಂದಿದ್ದರೆ ಅಡಿಯಲ್ಲಿ ಕಿತ್ತಳೆ ಪುಡಿ ಇದೆಯಾ ಎಂದು ತಿರುಗಿಸಿ ನೋಡು. ಹತ್ತು ನಿಮಿಷದ ಮೇಲೆ ಇನ್ನೊಂದು ಫೋಟೋ ಬಂತು. ಕಾರಿನ ಹಿಂದಿನ ಸೀಟಿನಲ್ಲಿ, ಮಗುವಿನ ಆಸನದ ಪಕ್ಕ, ಎರಡು ಕುಂಡ.